ಡಿಪೋದಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲವಂತೆ!

ಬಸ್ ಡಿಪೋದಲ್ಲಿ ವರ್ಷಕ್ಕೊಮ್ಮೆ ಮೆಡಿಕಲ್ ಪರೀಕ್ಷೆ ನಡೆಯುತ್ತದೆ. ಅದು ಹತ್ತಿರ ಬಂತೆಂದರೆ ನಮ್ಮ ಬೀದಿಯ ಗಂಡಸರು ಊಟ ಬಿಡುತ್ತಾರೆ. ಮೂರು ದಿನ ಬರೀ ನೀರು, ಸಕ್ಕರೆ ಇಲ್ಲದ ಚಹಾ, ಬಹಳವೆಂದರೆ ಒಂದು ಸೌತೆಕಾಯಿ. ಮಕ್ಕಳು ಎದುರಿಗೆ ಕೂತು ಉಣ್ಣುತ್ತಿದ್ದರೆ ಇವರು ಗೋಡೆ ನೋಡುತ್ತಿರುತ್ತಾರೆ. ನಾಲ್ಕನೆಯ ದಿನ ರಕ್ತ ಕೊಟ್ಟು ಬಂದು, ಮೂರು ದಿನದ್ದನ್ನು ಒಂದೇ ಹೊತ್ತಿಗೆ ಬಾರಿಸುತ್ತಾರೆ. ರಿಪೋರ್ಟಿನಲ್ಲಿ ಸಕ್ಕರೆ ಇಲ್ಲ. ಮೈಯಲ್ಲಿ ಇದ್ದದ್ದು ಇದ್ದ ಹಾಗೇ ಇದೆ.

ನಾನು ಡಿಪೋ ಎದುರಿಗೆ ಟೈಲರ್ ಅಂಗಡಿ ಇಟ್ಟುಕೊಂಡವಳು. ನನ್ನ ಗಂಡ ಅದೇ ಡಿಪೋದ ಡ್ರೈವರ್. ಅಲ್ಲಿನ ಡ್ರೈವರ್, ಕಂಡಕ್ಟರುಗಳ ಯೂನಿಫಾರಂ ಎಲ್ಲ ನನ್ನ ಮೆಷಿನ್ನಿನ ಮೇಲೇ ಆಗುವುದು. ಹೊಟ್ಟೆ ಬಂತು, ಪ್ಯಾಂಟು ಬಿಗಿಯಾಯಿತು, ಬಿಚ್ಚಿ ಕೊಡಿ ಎಂದು ಬರುವವರು ಇದ್ದೇ ಇರುತ್ತಾರೆ. ಆದರೆ ಚೆನ್ನಾಗಿ ಉಂಡುಕೊಂಡಿದ್ದೂ ಆರು ತಿಂಗಳಲ್ಲಿ ಎರಡಿಂಚು ಇಳಿದು, "ಅಕ್ಕಾ, ಸೊಂಟ ಸ್ವಲ್ಪ ಒಳಗೆ ಹಿಡೀರಿ" ಎಂದು ಬರುವವರ ಕಥೆ ಬೇರೆ. ಅಳತೆ ಮುಗಿಯುವಷ್ಟರಲ್ಲಿ ಎರಡು ಸಲ ನೀರು ಕೇಳುತ್ತಾರೆ, ಒಂದು ಸಲ ಶೌಚಾಲಯಕ್ಕೆ ಓಡುತ್ತಾರೆ. ಡಾಕ್ಟರಿಗಿಂತ ಮೊದಲು ನನ್ನ ಟೇಪಿಗೆ ಗೊತ್ತಾಗಿರುತ್ತದೆ. ಗೊತ್ತಾದರೂ ನಾನು ಬಾಯಿ ಮುಚ್ಚಿಕೊಂಡು ಹೊಲಿದು ಕೊಡುತ್ತಿದ್ದೆ.

ಇವರೆಲ್ಲ ಸಕ್ಕರೆ ಮಾತ್ರೆಯನ್ನು ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಹಾಕಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. "ಏನಣ್ಣ, ಪೆಪ್ಪರ್‌ಮಿಂಟ್ ಆಯ್ತಾ?" "ಆಯ್ತು ಕಣೋ, ನಿಂದು?" ಊರಿಗೆಲ್ಲ ಗೊತ್ತಿರುವ ಗುಟ್ಟು. ಆಫೀಸಿಗೆ ಮಾತ್ರ ಗೊತ್ತಾಗಬಾರದು!

ಯಾಕೆಂದರೆ ಗೇಟ್ ಮಾವ. ಡಿಪೋ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು, ಬರುವ ಹೋಗುವ ಬಸ್ಸುಗಳ ನಂಬರ್ ಬರೆಯುತ್ತಾ ಕೂತಿರುವ ವಯಸ್ಸಾದ ಮನುಷ್ಯ. ಒಂದು ಕಾಲಕ್ಕೆ ಅವರೂ ಡ್ರೈವರ್. "ಸಕ್ಕರೆ ಕಾಯಿಲೆ ಅಂತ ಗೊತ್ತಾಗಿದ್ದೇ ತಡ, ಸ್ಟೇರಿಂಗ್ ಕಿತ್ಕೊಂಡು ಗೇಟಲ್ಲಿ ಕೂರಿಸಿದ್ರು" ಎಂದು ಎಲ್ಲರೂ ಹೇಳುತ್ತಾರೆ. ಹೊಸದಾಗಿ ಸೇರಿದವನನ್ನೂ ಮೊದಲನೇ ವಾರದಲ್ಲೇ ಈ ಕಥೆ ಹೇಳಿ ಹೆದರಿಸಿಟ್ಟಿರುತ್ತಾರೆ.

ನನ್ನ ಗಂಡನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಅವರ ಬಸ್ಸಿನ ಕಂಡಕ್ಟರಿಗೆ ಒಂಬತ್ತು ವರ್ಷದಿಂದ. ಕಂಡಕ್ಟರನ್ನು ಎಲ್ಲರೂ ಚಿಲ್ಲರೆಯಣ್ಣ ಎನ್ನುತ್ತಿದ್ದರು. ಅವರ ಚೀಲದಲ್ಲಿ ಚಿಲ್ಲರೆ ಇದ್ದದ್ದನ್ನು ಕಂಡವರಿಲ್ಲ, ಅದಕ್ಕೇ ಆ ಹೆಸರು. ಹನ್ನೆರಡು ವರ್ಷ ಇಬ್ಬರೂ ಒಂದೇ ಬಸ್ಸು, ಒಂದೇ ರೂಟು. ಮನೆಯಲ್ಲಿ ಹೆಂಡತಿಯ ಜೊತೆ ಇರುವುದಕ್ಕಿಂತ ಹೆಚ್ಚು ಹೊತ್ತು ಇವರಿಬ್ಬರೇ ಜೊತೆಗಿರುತ್ತಿದ್ದರು.

ಚಳಿಗಾಲಕ್ಕೆ ಮೊದಲು ಆರೋಗ್ಯ ಕೇಂದ್ರದ ಸಿಸ್ಟರ್ ಡಿಪೋಗೆ ಬಂದು ಮ್ಯಾನೇಜರ್ ಕೋಣೆಯಲ್ಲಿ ಲಸಿಕೆ ಶಿಬಿರ ಮಾಡಿದರು. ಒಂದು ಫ್ಲೂ ಜ್ವರದ ಲಸಿಕೆ, ಇನ್ನೊಂದು ನ್ಯುಮೋನಿಯಾದ್ದು. ತಂದದ್ದು ಸ್ವಲ್ಪವೇ ಇದ್ದದ್ದರಿಂದ ಸಕ್ಕರೆ, ಹೃದಯ, ಶ್ವಾಸಕೋಶ, ಕಿಡ್ನಿ ಕಾಯಿಲೆ ಇದ್ದವರಿಗೆ ಮೊದಲು ಎಂದರು. ಎಲ್ಲರಿಗೂ ಒಂದೊಂದು ಫಾರಂ ಕೊಟ್ಟರು. ಅದರಲ್ಲಿ ಒಂದು ಪ್ರಶ್ನೆ: ದೀರ್ಘಕಾಲದ ಕಾಯಿಲೆ ಇದೆಯೇ? 'ಇದೆ', 'ಇಲ್ಲ', ಎರಡರಲ್ಲಿ ಒಂದಕ್ಕೆ ಗುರುತು ಹಾಕಬೇಕು.

ನೂರಾ ಹದಿನಾಲ್ಕು ಜನ ಡ್ರೈವರ್, ಕಂಡಕ್ಟರುಗಳು ಫಾರಂ ತುಂಬಿದರು. ಒಬ್ಬರೂ, ಒಬ್ಬರೇ ಒಬ್ಬರೂ 'ಇದೆ' ಎಂದು ಗುರುತು ಹಾಕಲಿಲ್ಲ. ಎಲ್ಲರೂ ಗುಂಡುಕಲ್ಲಿನ ಹಾಗೆ ಇದ್ದಾರಂತೆ! ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೆ?

ಆ ಸಂಜೆ ಇಬ್ಬರೂ ನಗುತ್ತಾ ನಮ್ಮ ಮನೆಗೇ ಬಂದರು.

"ಸಿಸ್ಟರೇ ಹೇಳಿದ್ರು ಕಣೇ, 'ನಿಮಗೇನೂ ಕಾಯಿಲೆ ಇಲ್ವಲ್ಲ, ಇದನ್ನ ಬೇರೆ ಕಡೆ ಕಾಯಿಲೆ ಇರೋರಿಗೆ ಕೊಡ್ತೀನಿ, ನಿಮಗೆ ಇನ್ನೊಂದು ಸಲ ನೋಡೋಣ' ಅಂತ" ಎಂದರು ನನ್ನ ಗಂಡ.

"ತಂಗೀ, ನಿಮ್ಮೆಜಮಾನ್ರು ನಾನು ಇಬ್ಬರೂ ಕಟ್ಟುಮಸ್ತು ಅಂತ ಆರೋಗ್ಯ ಕೇಂದ್ರವೇ ಒಪ್ಕೊಂಡಿದೆ. ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕು!" ಎಂದರು ಚಿಲ್ಲರೆಯಣ್ಣ.

ಒಳಗಿನಿಂದ ನನ್ನ ಅತ್ತೆ ಕೂಗಿದರು. ಅವರಿಗೆ ಹಳೆಯ ದಮ್ಮು, ಬಾಯಿಗೆ ಹಿಡಿಯುವ ಪಂಪು ಯಾವಾಗಲೂ ದಿಂಬಿನ ಹತ್ತಿರ ಇರಬೇಕು. "ದೊಡ್ಡೋರಿಗೆ ಎಂಥಾ ಲಸಿಕೆ? ನಾವೇನು ತೊಟ್ಟಿಲಲ್ಲಿ ಮಲಗಿದೀವಾ?"

ನಾನೇನಂದೆ ಗೊತ್ತೆ? "ಒಳ್ಳೇದಾಯ್ತು ಬಿಡಿ. ಬರೆದಿದ್ರೆ ಸೀದಾ ಆಫೀಸಿಗೆ ಹೋಗ್ತಿತ್ತು" ಎಂದೆ. ಹಾಗೆಂದು ಇಬ್ಬರಿಗೂ ಚಹಾ ಕೊಟ್ಟೆ. ಈ ಬಾಯಿಯಲ್ಲೇ ಆ ಮಾತು ಬಂತು. ಇವತ್ತಿಗೂ ನೆನೆಸಿಕೊಂಡರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಆರು ವಾರ ಕಳೆಯಿತು. ಊರೆಲ್ಲ ಫ್ಲೂ ಜ್ವರ ಶುರುವಾಯಿತು. ಬೆಳಗಿನ ಬಸ್ಸೆಂದರೆ ಕೇಳಬೇಕೆ? ಕಿಟಕಿಗಳೆಲ್ಲ ಮುಚ್ಚಿ, ಕೂತವರ ತಲೆಯ ಮೇಲೆ ನಿಂತವರು ಕೆಮ್ಮುತ್ತಿರುತ್ತಾರೆ. ಕಂಡಕ್ಟರ್ ಆದವರು ಆ ಕೆಮ್ಮಿನ ನಡುವೆಯೇ ನುಗ್ಗಿ ಟಿಕೆಟ್ ಕೊಡಬೇಕು. ಸೋಮವಾರ ಚಿಲ್ಲರೆಯಣ್ಣನಿಗೆ ಗಂಟಲು ಕಟ್ಟಿತು. ಬುಧವಾರ ಜ್ವರ ಬಂತು. "ನಾಳೆ ರಜ ಹಾಕೋ ಮಾರಾಯ" ಎಂದು ನನ್ನ ಗಂಡ ಹೇಳಿದರೆ, "ಇಷ್ಟಕ್ಕೆಲ್ಲ ರಜಾನಾ? ರಜ ಅಂದ್ರೆ ಡಾಕ್ಟರ್ ಚೀಟಿ ಕೇಳ್ತಾರೆ, ಚೀಟಿ ಅಂದ್ರೆ ಅದ್ರಲ್ಲಿ ಸಕ್ಕರೆ ಅಂತ ಬರುತ್ತೆ" ಎಂದರಂತೆ.

ಗುರುವಾರ ಮೂರನೆಯ ಸ್ಟಾಪು ದಾಟಿದ ಮೇಲೆ ಟಿಕೆಟ್ ಕೊಡುತ್ತಿದ್ದವರು ಸೀಟುಗಳ ನಡುವೆ ಹಾಗೇ ಕುಸಿದರು. ನನ್ನ ಗಂಡ ಜನ ತುಂಬಿದ ಬಸ್ಸನ್ನೇ ಸೀದಾ ಆಸ್ಪತ್ರೆಗೆ ಓಡಿಸಿಕೊಂಡು ಹೋದರು. ಒಬ್ಬ ಪ್ರಯಾಣಿಕನೂ "ನನ್ನ ಸ್ಟಾಪು ಹೋಯಿತು" ಎನ್ನಲಿಲ್ಲ.

ಸುದ್ದಿ ಕೇಳಿ ನಾನು ಅಂಗಡಿ ಬಾಗಿಲು ಎಳೆದು ಓಡಿದೆ. ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಚಿಲ್ಲರೆಯಣ್ಣನ ಹೆಂಡತಿ ಕೂತಿದ್ದರು. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ಡಾಕ್ಟರು ಹೊರಗೆ ಬಂದರು.

"ಎರಡೂ ಕಡೆ ಶ್ವಾಸಕೋಶಕ್ಕೆ ನ್ಯುಮೋನಿಯಾ ಆಗಿದೆಯಮ್ಮ. ಸಕ್ಕರೆ ಐನೂರರ ಹತ್ತಿರ ಇದೆ. ಎಷ್ಟು ವರ್ಷದಿಂದ ಇದೆ ಸಕ್ಕರೆ ಕಾಯಿಲೆ?"

"ಒಂಬತ್ತು ವರ್ಷ" ಎಂದರು ಅತ್ತಿಗೆ.

"ಫ್ಲೂ ಲಸಿಕೆ ಹಾಕ್ಸಿದ್ರಾ? ನ್ಯುಮೋನಿಯಾದ್ದು?"

"ಡಿಪೋಗೆ ಬಂದಿದ್ರಂತೆ ಡಾಕ್ಟ್ರೇ, ಹಾಕೋಕೆ. ಇವರಿಗೆ ಬೇಡ ಅಂದ್ರಂತೆ."

"ಬೇಡ ಅಂದ್ರಾ? ಸಕ್ಕರೆ ಇರೋರಿಗೆ ಬೇಡ ಅಂದ್ರಾ? ಯಾರಮ್ಮ ಹಾಗಂದೋರು?"

ಯಾರೆಂದು ನನಗೆ ಗೊತ್ತಿತ್ತು. ಫಾರಂನಲ್ಲಿ 'ಇಲ್ಲ' ಎಂದು ಬರೆದ ಅಣ್ಣನೇ, 'ಒಳ್ಳೇದಾಯ್ತು' ಎಂದ ನಾನೂ. ಐದನೆಯ ದಿನ ಮಧ್ಯಾಹ್ನ ಚಿಲ್ಲರೆಯಣ್ಣ ಹೋಗಿಬಿಟ್ಟರು. ನಲವತ್ತೊಂಬತ್ತು ವರ್ಷ ಅವರಿಗೆ.

ಹತ್ತು ದಿನ ಆಯಿತು. ನನ್ನ ಗಂಡ ಮತ್ತೆ ಅದೇ ಬಸ್ಸು, ಹೊಸ ಕಂಡಕ್ಟರ್, ಅದೇ ಪೆಪ್ಪರ್‌ಮಿಂಟ್ ಡಬ್ಬಿ. ಹಿಂದೆ ಕೆಮ್ಮುವ ಐವತ್ತು ಜನ. ಮೆಷಿನ್ ಮುಂದೆ ಕೂತರೂ ನನಗೆ ಅದೇ ಯೋಚನೆ. ಇವರಿಗೂ ಹಾಗೇ ಆದರೆ? ಒಂದು ದಿನ ಊಟಕ್ಕೆ ಬಂದಾಗ ಕೇಳಿಯೇಬಿಟ್ಟೆ.

"ನಾಳೆ ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆ ಹಾಕಿಸ್ಕೊಂಡು ಬರೋಣ್ವಾ?"

"ಸುಮ್ನಿರು. ಅವನ ಆಯಸ್ಸು ಅಷ್ಟೇ ಇತ್ತು. ಹಣೆಬರಹ."

ನನಗೆ ಮೈಯೆಲ್ಲ ಉರಿದುಹೋಯಿತು. "ಹಣೆಬರಹ ಅಲ್ಲ ರೀ, ಕೈಬರಹ! ಫಾರಂನಲ್ಲಿ ಗುರುತು ಹಾಕಿದ್ರಲ್ಲ, ನೀವೂ ಅವರೂ ಪಕ್ಕ ಪಕ್ಕ ನಿಂತ್ಕೊಂಡು, ಅದು!"

"ಕೂಗಬೇಡ ಕಣೇ. ಪಕ್ಕದ ಮನೆಗೆ ಕೇಳುತ್ತೆ."

"ಕೇಳ್ಲಿ! ಪಕ್ಕದ ಮನೆಯವ್ರ ಸೊಂಟ ಎಷ್ಟು ಇಳಿದಿದೆ ಅಂತಾನೂ ನನಗೆ ಗೊತ್ತು!"

ಅವರು ತಟ್ಟೆ ಬಿಟ್ಟು ಎದ್ದರು. ಬಾಗಿಲ ಹತ್ತಿರ ನಿಂತು, ನನ್ನ ಮುಖ ನೋಡದೆ ಹೇಳಿದರು. "ಇಪ್ಪತ್ತೆರಡು ವರ್ಷದಿಂದ ಓಡಿಸ್ತಿದೀನಿ. ಬಸ್ಸಿಗೆ ಒಂದು ಗೀರು ಬೀಳಿಸಿಲ್ಲ. ಸ್ಟೇರಿಂಗ್ ಕಿತ್ಕೊಂಡು ಗೇಟಲ್ಲಿ ಕೂರಿಸಿದ್ರೆ ನಾನು ಬದುಕಿದ್ದೂ ಸತ್ತ ಹಾಗೇ."

"ಸತ್ತ ಹಾಗೆ ಇರೋದಕ್ಕೂ ಸಾಯೋದಕ್ಕೂ ಏನು ವ್ಯತ್ಯಾಸ ಅಂತ ಹೋಗಿ ಅತ್ತಿಗೇನ ಕೇಳಿ" ಎಂದೆ. ಅವರು ಡ್ಯೂಟಿಗೆ ಹೋದರು. ಆ ತಟ್ಟೆ ತೊಳೆಯುವಾಗ ನಾನು ಅತ್ತುಬಿಟ್ಟೆ, ಕೋಪಕ್ಕೋ ಸಂಕಟಕ್ಕೋ ನನಗೇ ತಿಳಿಯಲಿಲ್ಲ.

ಮಾರನೇ ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಹೋದೆ. ಸಿಸ್ಟರ್ ಲಸಿಕೆಯ ಪೆಟ್ಟಿಗೆಯಲ್ಲಿ ಐಸ್ ಜೋಡಿಸುತ್ತಿದ್ದರು. ನನಗೆ ನಮಸ್ಕಾರ ಹೇಳುವಷ್ಟೂ ತಾಳ್ಮೆ ಇರಲಿಲ್ಲ.

"ಅಲ್ಲ ಸಿಸ್ಟರ್, ನಿಮಗೆ ಬುದ್ಧಿ ಇದೆಯಾ? ಮ್ಯಾನೇಜರ್ ಮೇಜಿನ ಪಕ್ಕದಲ್ಲೇ ಫಾರಂ ಕೊಟ್ಟು 'ಕಾಯಿಲೆ ಇದೆಯಾ' ಅಂತ ಕೇಳಿದ್ರೆ ಯಾವ ಡ್ರೈವರ್ ತಾನೆ 'ಇದೆ' ಅಂತಾನೆ?"

ಅವರು ನಿಧಾನವಾಗಿ ಕೈ ಒರೆಸಿಕೊಂಡರು. "ಕೂತ್ಕೊಳಿ ಅಕ್ಕ. ಅದು ನಮ್ಮ ತಪ್ಪು. ಫ್ಯಾನ್ ಇರೋ ಜಾಗ ಅಂತ ಅಲ್ಲಿ ಮೇಜು ಹಾಕಿದ್ವಿ. ನೂರಾ ಹದಿನಾಲ್ಕು 'ಇಲ್ಲ' ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ."

ತಪ್ಪು ಒಪ್ಪಿಕೊಂಡವರ ಮೇಲೆ ಎಷ್ಟು ಹೊತ್ತು ಕೂಗುವುದು? ಕೂತೆ. "ಅಣ್ಣ ಆ ದಿನ ಲಸಿಕೆ ಹಾಕಿಸ್ಕೊಂಡಿದ್ರೆ ಬದುಕ್ತಿದ್ರಾ?" ಎಂದು ಕೇಳಿದೆ.

"ಖಂಡಿತ ಬದುಕ್ತಿದ್ರು ಅಂತ ನಾನು ಸುಳ್ಳು ಹೇಳಲ್ಲ. ಲಸಿಕೆ ಹಾಕಿಸ್ಕೊಂಡ್ರೂ ಕೆಲವರಿಗೆ ಫ್ಲೂ ಬರುತ್ತೆ. ಆದ್ರೆ ಜೀವಕ್ಕೇ ಅಪಾಯ ಆಗೋ ಅಷ್ಟು ಜೋರಾಗೋ ಸಾಧ್ಯತೆ ಕಡಿಮೆ ಆಗುತ್ತೆ. ಸಕ್ಕರೆ ಇರೋ ಮೈಗೆ ಸೋಂಕಿನ ಜೊತೆ ಹೋರಾಡೋ ಶಕ್ತಿ ಕಮ್ಮಿ. ಸೋಂಕು ಬಂದ್ರೆ ಸಕ್ಕರೆ ಏರುತ್ತೆ, ಸಕ್ಕರೆ ಏರಿದ್ರೆ ಸೋಂಕು ಇನ್ನೂ ಬಲಿಯುತ್ತೆ. ಒಂದಕ್ಕೊಂದು ಗಂಟು ಬೀಳ್ತವೆ. ದಮ್ಮು, ಹೃದಯ, ಕಿಡ್ನಿ ಕಾಯಿಲೆಯವ್ರಿಗೂ ಹಾಗೇ. ಅದಕ್ಕೇ ಅವರಿಗೆ ಮೊದಲು ಅನ್ನೋದು."

"ನಮ್ಮ ಅತ್ತೆ ಲಸಿಕೆ ಮಕ್ಕಳಿಗೆ ಅಂತಾರೆ. ಅಕ್ಕಪಕ್ಕದವರು ಕಾಯಿಲೆ ಇರೋರು ಚುಚ್ಚಿಸ್ಕೊಂಡ್ರೆ ಕಾಯಿಲೆ ಕೆರಳುತ್ತೆ ಅಂತಾರೆ. ಡಿಪೋ ಮೆಕ್ಯಾನಿಕ್ ಒಬ್ಬ ಎಲ್ಲೋ ಹಾಕಿಸ್ಕೊಂಡು ಎರಡು ದಿನ ಜ್ವರದಲ್ಲಿ ಮಲಗಿದ್ದನಂತೆ."

"ತೋಳು ನೋಯುತ್ತೆ. ಒಂದೆರಡು ದಿನ ಮೈಕೈ ನೋವು, ಸಣ್ಣ ಜ್ವರ ಬರಬಹುದು. ಅದು ಫ್ಲೂ ಅಲ್ಲ, ಮೈ ಪಾಠ ಕಲೀತಿದೆ ಅಷ್ಟೇ. ಚುಚ್ಚೋ ಫ್ಲೂ ಲಸಿಕೆಯಲ್ಲಿ ಜೀವ ಇರೋ ರೋಗಾಣು ಇರೋದೇ ಇಲ್ಲ, ಅದರಿಂದ ಫ್ಲೂ ಬರೋಕೆ ಸಾಧ್ಯ ಇಲ್ಲ. ಸಕ್ಕರೆ ಮಾತ್ರೆ ನಿಲ್ಲಿಸೋ ಹಾಗಿಲ್ಲ. ಫ್ಲೂದು ಪ್ರತಿ ವರ್ಷ ಹಾಕಿಸ್ಬೇಕು. ನ್ಯುಮೋನಿಯಾದ್ದು ಎಷ್ಟು ಸಲ ಅಂತ ಡಾಕ್ಟ್ರು ಅವರವರನ್ನ ನೋಡಿ ಹೇಳ್ತಾರೆ. ಮೈ ಸುಡೋ ಜ್ವರ ಇದ್ದ ದಿನ ಬೇಡ. ಹಿಂದೆ ಯಾವುದಾದ್ರೂ ಲಸಿಕೆಗೆ ಮೈ ಊದಿ, ಉಸಿರು ಕಟ್ಟಿದ್ರೆ ಮೊದಲೇ ಹೇಳ್ಬೇಕು."

"ಹತ್ತು ವರ್ಷದಿಂದ ಮೂರು ತಿಂಗಳಿಗೊಂದ್ಸಲ ಸಕ್ಕರೆ ಡಾಕ್ಟ್ರ ಹತ್ರ ಹೋಗ್ತಿದೀವಿ. ಆ ಮನುಷ್ಯ ಒಂದು ದಿನ, ಒಂದೇ ಒಂದು ದಿನ ಈ ಮಾತು ಹೇಳಿಲ್ಲ!"

"ಅವರು ಹೇಳ್ಬೇಕಿತ್ತು. ಹೇಳದೇ ಇದ್ರೆ ನೀವು ಕೇಳ್ಬೇಕು ಅಕ್ಕ. 'ಮಾತ್ರೆ ಬರೆದ್ರಲ್ಲ, ಲಸಿಕೆ ಯಾವುದು ಬಾಕಿ ಇದೆ?' ಅಂತ ಕೇಳಿ. ಕೇಳಿದ್ರೆ ಯಾರೂ ಬೈಯಲ್ಲ."

ಕೊನೆಗೆ ನಿಜವಾದ ಪ್ರಶ್ನೆ ಕೇಳಿದೆ. "ಕೆಲಸ ಹೋಗುತ್ತಾ ಸಿಸ್ಟರ್?"

"ನಮ್ಮ ಫಾರಂ ನಮ್ಮ ಬೀರುವಿನಲ್ಲೇ ಇರುತ್ತೆ, ಡಿಪೋಗೆ ಹೋಗಲ್ಲ. ಕೆಲಸದ ನಿಯಮ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೇಳಲ್ಲ. ಆದ್ರೆ ಒಂದು ಕೇಳ್ತೀನಿ. ಗೇಟ್ ಮಾವನ ಕಥೆ ಎಲ್ಲರ ಬಾಯಲ್ಲೂ ಇದೆಯಲ್ಲ, ಅವರನ್ನೇ ಯಾರಾದ್ರೂ ಕೇಳಿದೀರಾ?"

ಹದಿನೈದು ವರ್ಷದಿಂದ ದಿನಾ ಅವರ ಮುಂದೆಯೇ ಹಾದುಹೋಗುತ್ತೇನೆ. ಕೇಳಿರಲಿಲ್ಲ.

ಸೀದಾ ಗೇಟಿಗೆ ಬಂದೆ. ಗೇಟ್ ಮಾವ ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ನಂಬರ್ ಬರೆಯುತ್ತಿದ್ದರು. ಕೇಳಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು.

"ಸಕ್ಕರೆ ಇದ್ದದ್ದು ನಿಜ ಕಣಮ್ಮ. ಮೆಡಿಕಲ್ ಅಂತ ಮೂರು ದಿನ ಉಪವಾಸ ಬಿದ್ದೆ. ಊಟ ಬಿಟ್ಟೆ, ಮಾತ್ರೆ ಬಿಡ್ಲಿಲ್ಲ. ಖಾಲಿ ಹೊಟ್ಟೇಲಿ ಮಾತ್ರೆ ನುಂಗಿ ಬಸ್ ಹತ್ತಿದೆ. ಸೇತುವೆ ಹತ್ರ ಕಣ್ಣು ಕತ್ತಲೆ ಬಂತು. ಕಣ್ಣು ಬಿಟ್ಟಾಗ ಬಸ್ಸು ಕಂಬಕ್ಕೆ ಗುದ್ದಿ ನಿಂತಿತ್ತು. ಒಳಗೆ ನಲವತ್ತು ಜನ. ಪುಣ್ಯಕ್ಕೆ ಯಾರ ಜೀವಾನೂ ಹೋಗ್ಲಿಲ್ಲ. ವಿಚಾರಣೆಯಲ್ಲಿ ಕೇಳಿದ್ದು ಒಂದೇ ಮಾತು, 'ಯಾಕೆ ಮುಚ್ಚಿಟ್ಟೆ?' ನನ್ನನ್ನ ಗೇಟಿಗೆ ಹಾಕಿದ್ದು ಸಕ್ಕರೆ ಬಂದಿದ್ದಕ್ಕಲ್ಲ, ಮುಚ್ಚಿಟ್ಟು ಬಸ್ ಗುದ್ದಿಸಿದ್ದಕ್ಕೆ. ಅದೇ ವರ್ಷ ಇನ್ನಿಬ್ಬರು ಹೋಗಿ ನಿಜ ಹೇಳಿದ್ರು. ಆರು ತಿಂಗಳಿಗೊಂದ್ಸಲ ಡಾಕ್ಟ್ರ ಕಾಗದ ತಂದುಕೊಡಿ ಅಂದ್ರು. ಇಬ್ಬರೂ ಸ್ಟೇರಿಂಗ್ ಹಿಡ್ಕೊಂಡೇ ರಿಟೈರ್ ಆದ್ರು."

"ಅಯ್ಯೋ ಮಾವ! ಇದನ್ನ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? ನನ್ನ ಕಂಡ್ರೆ ಎಲ್ಲ ಮುಖ ತಿರುಗಿಸ್ಕೊಂಡು ಹೋಗ್ತಾರೆ, ನನ್ನ ಕಾಯಿಲೆ ಅವರಿಗೆ ಅಂಟುತ್ತೇನೋ ಅನ್ನೋ ಹಾಗೆ."

ಆ ಕ್ಷಣ ನನಗೆ ಬಂದ ಸಿಟ್ಟು ಯಾರ ಮೇಲೆಂದು ಹೇಳಲಿ? ಕಥೆ ಕಟ್ಟಿದವರ ಮೇಲೆ, ನಂಬಿದವರ ಮೇಲೆ, ಸುಮ್ಮನಿದ್ದ ಈ ಮಾವನ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ನನ್ನ ಮೇಲೆ. "ಏಳಿ ಮಾವ" ಎಂದು ಅವರನ್ನು ಕರೆದುಕೊಂಡು ಡ್ರೈವರುಗಳ ವಿಶ್ರಾಂತಿ ಕೋಣೆಗೆ ನುಗ್ಗಿದೆ. ಹೆಂಗಸರು ಆ ಕೋಣೆಗೆ ಹೋಗುವುದಿಲ್ಲ. ಆ ದಿನ ಹೋದೆ. ಇಪ್ಪತ್ತು ಮೂವತ್ತು ಜನ ಇದ್ದರು. ಬೆಂಚಿನ ಮೇಲೆ ನನ್ನ ಗಂಡನೂ ಇದ್ದರು.

ಗೇಟ್ ಮಾವ ನನಗೆ ಹೇಳಿದ್ದನ್ನೆಲ್ಲ ಅಲ್ಲೂ ಹೇಳಿದರು. ಒಬ್ಬ, ಯಾವಾಗಲೂ ಜೋರು ಬಾಯಿಯವನು, "ಅದೆಲ್ಲ ಸಕ್ಕರೆ ಇರೋರಿಗೆ. ನಮಗ್ಯಾಕೆ ಹೇಳ್ತೀರಾ?" ಎಂದ.

"ಹೌದಪ್ಪ, ಇಲ್ಲಿ ಯಾರಿಗೂ ಇಲ್ಲ!" ಎಂದೆ. "ನನ್ನ ಅಳತೆ ಪುಸ್ತಕದಲ್ಲಿ ಮಾತ್ರ ಸೊಂಟಗಳು ತಮ್ಮಷ್ಟಕ್ಕೆ ತಾವೇ ಕರಗ್ತಾ ಇವೆ. ಹೆಸರು ಹೇಳಲ್ಲ. ಅದು ನಿಮ್ಮ ವಿಷಯ, ನನ್ನ ಬಾಯಿಂದ ಬರಲ್ಲ. ಆದ್ರೆ ನಿಮ್ಮ ಮನೆ ಹೆಂಗಸರ ಬಟ್ಟೆಯನ್ನೂ ನಾನೇ ಹೊಲಿಯೋಳು. ಮೊನ್ನೆ ಅತ್ತಿಗೆಗೆ ಬಿಳೀ ರವಿಕೆ ಹೊಲಿದು ಕೊಟ್ಟಿದೀನಿ. ಇನ್ನೊಂದು ಹೊಲಿಯೋಕೆ ನನ್ನ ಕೈಲಿ ಆಗಲ್ಲ!"

ಅಲ್ಲಿಂದ ಹೊರಟೆ. ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದರು.

ಆ ವಾರವೇ ಗೇಟ್ ಮಾವ, ಸಿಸ್ಟರ್, ನಾನು ಮೂವರೂ ಹೋಗಿ ಮ್ಯಾನೇಜರನ್ನು ಕಂಡೆವು. ಅವರು ಒಳ್ಳೆಯವರೋ ಕೆಟ್ಟವರೋ ನನಗೆ ಗೊತ್ತಿಲ್ಲ, ಆದರೆ ನಿಯಮದ ಪುಸ್ತಕ ತೆಗೆದು ಓದಿದರು. ಸಕ್ಕರೆ ಹತೋಟಿಯಲ್ಲಿದೆ ಎಂದು ಡಾಕ್ಟರ ಕಾಗದ ಇದ್ದರೆ ಡ್ರೈವರ್ ಕೆಲಸದಲ್ಲಿ ಮುಂದುವರಿಯಬಹುದು ಎಂದೇ ಅದರಲ್ಲಿತ್ತು. ಲಸಿಕೆಯ ಫಾರಂ ತಮಗೆ ಬೇಡವೆಂದು ಬರೆದು ಸಹಿ ಮಾಡಿ ನೋಟಿಸ್ ಬೋರ್ಡಿಗೆ ಹಾಕಿಸಿದರು. ಮೊದಲೇ ಒಂದು ಪುಟ ತಿರುವಿ ಹಾಕಿದ್ದರೆ ಮುಗಿಯುತ್ತಿತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರು ನಾವು.

ಈ ಸಲ ಶಿಬಿರಕ್ಕೆ ಮ್ಯಾನೇಜರ್ ಕೋಣೆ ಬೇಡ, ಹಿಂದಿನ ಸ್ಟೋರ್ ರೂಮು ಸಾಕು ಎಂದರು ಸಿಸ್ಟರ್. ನಾನು ದಪ್ಪ ಯೂನಿಫಾರಂ ಬಟ್ಟೆಯಲ್ಲೇ ಪರದೆ ಹೊಲಿದುಕೊಟ್ಟೆ. ಹಿಂದಿನ ದಿನ ಅತ್ತಿಗೆಯ ಮನೆಗೆ ಹೋದೆ. ಹೇಳದೆ ಇದ್ದರೆ ನನಗೆ ನಿದ್ದೆ ಬರುವಂತಿರಲಿಲ್ಲ.

"ಅತ್ತಿಗೆ, ಅವತ್ತು ಅಣ್ಣ 'ಇಲ್ಲ' ಅಂತ ಬರೆದು ಬಂದಾಗ 'ಒಳ್ಳೇದಾಯ್ತು' ಅಂದವಳು ನಾನೇ. ಬೈಯೋದಿದ್ರೆ ಬೈದುಬಿಡಿ."

ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು. ಆಮೇಲೆ, "ನಾನು ಅದಕ್ಕಿಂತ ಹೆಚ್ಚು ಅಂದಿದ್ದೆ. 'ಜಾಣತನ ಮಾಡಿದ್ರಿ' ಅಂತ ಬೆನ್ನು ತಟ್ಟಿದ್ದೆ" ಎಂದರು. "ನಾಳೆ ನಾನೂ ಬರ್ತೀನಿ. ಸಿಸ್ಟರಿಗೆ ಹೇಳು, ಬಾಗಿಲಲ್ಲಿ ಫಾರಂ ಕೊಡೋ ಕೆಲಸ ನನಗಿರ್ಲಿ."

ಮಾರನೇ ದಿನ ಸ್ಟೋರ್ ರೂಮಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಅತ್ತಿಗೆ ಕೂತರು. ಬಂದ ಒಬ್ಬೊಬ್ಬರ ಕೈಗೂ ಖಾಲಿ ಫಾರಂ, ಪೆನ್ನು ಕೊಟ್ಟು ಒಂದೇ ಮಾತು ಹೇಳುತ್ತಿದ್ದರು. "ನಮ್ಮನೆಯವರು 'ಇಲ್ಲ' ಅಂತ ಹಾಕಿದ್ರು. ನೀವು ನೋಡಿ ಹಾಕಿ." ಬೇರೇನೂ ಇಲ್ಲ. ಯಾರು ಏನು ಬರೆದರೆಂದು ತಿರುಗಿಯೂ ನೋಡಲಿಲ್ಲ. ಒಳಗೆ ಪರದೆಯ ಹಿಂದೆ ಹೋಗಿ ಬರೆದು ಸಿಸ್ಟರ್ ಕೈಗೇ ಕೊಡಬೇಕು.

ಮೊದಲು ನನ್ನ ಅತ್ತೆಯೇ ಕೋಲೂರಿಕೊಂಡು ಬಂದರು. "ಸರಿಯಮ್ಮ, ಇವತ್ತಿಗೆ ನಾನೂ ತೊಟ್ಟಿಲು ಮಗು. ಚುಚ್ಚು" ಎಂದು ತೋಳು ಚಾಚಿದರು. ಜೋರು ಬಾಯಿಯವನು ಅತ್ತಿಗೆಯ ಮುಖ ನೋಡಿದವನೇ ಫಾರಂ ಹಿಡಿದು ಒಳಗೆ ಹೋದ. ಹೊರಗೆ ಬಂದಾಗ ತೋಳಿನ ಮೇಲೆ ಹತ್ತಿ ಒತ್ತಿಕೊಂಡಿದ್ದ.

ನನ್ನ ಗಂಡ ಬಂದದ್ದು ಮಧ್ಯಾಹ್ನದ ಟ್ರಿಪ್ಪು ಮುಗಿಸಿ. ಅತ್ತಿಗೆ ಫಾರಂ ಚಾಚಿದರು. ಬೇರೆಯವರಿಗೆ ಹೇಳಿದ್ದನ್ನೇ ಇವರಿಗೂ ಹೇಳಲು ಹೋದರು. "ನಮ್ಮನೆಯವರು..." ಎಂದವರಿಗೆ ಮುಂದೆ ಮಾತು ಹೊರಡಲಿಲ್ಲ. ನನ್ನ ಗಂಡ ಆ ಕಾಗದವನ್ನು ಹಿಡಿದು ಅಲ್ಲೇ ನಿಂತರು. ಪರದೆಯ ಹಿಂದೆ ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಕಾಗದ ಒತ್ತಿ, ಸಾಲಿನಲ್ಲಿದ್ದವರೆಲ್ಲ ನೋಡುವ ಹಾಗೆ ಗುರುತು ಹಾಕಿದರು. ಆಮೇಲೆ ಜೋರಾಗಿ ಹೇಳಿದರು. "ಇದೆ. ಹತ್ತು ವರ್ಷದಿಂದ ಇದೆ. ಅವನಿಗೂ ಇತ್ತು, ನನಗೆ ಗೊತ್ತಿತ್ತು. ಅವನ ಪಕ್ಕದಲ್ಲೇ ನಿಂತು ನಾನೂ ಸುಳ್ಳು ಬರೆದೆ. ಕ್ಷಮಿಸಮ್ಮ."

ಅತ್ತಿಗೆ ಅಳಲಿಲ್ಲ. "ಒಳಗೆ ಹೋಗಿ ಅಣ್ಣ, ಸಾಲು ನಿಂತಿದೆ" ಎಂದರು.

ಹಿಂದಿನ ಸಲ 'ಇಲ್ಲ' ಎಂದಿದ್ದ ಅದೇ ಜನರಲ್ಲಿ ಈ ಸಲ ಮೂವತ್ತೇಳು ಜನ 'ಇದೆ' ಎಂದಿದ್ದಾರೆ ಎಂದು ಸಿಸ್ಟರ್ ಸಂಜೆ ಲೆಕ್ಕ ಹೇಳಿದರು. ಹೆಸರು ಹೇಳಲಿಲ್ಲ. ನನ್ನ ಗಂಡನಿಗೆ ಆ ರಾತ್ರಿ ತೋಳು ನೋವಿತ್ತು, ಸ್ವಲ್ಪ ಮೈ ಬಿಸಿ ಇತ್ತು. ಒಂದು ದಿನ ರಜ ಹಾಕಿ, ಮಾರನೇ ದಿನ ಬಸ್ ಹತ್ತಿದರು. ಮುಂದಿನ ವಾರ ಡಾಕ್ಟರ ಕಾಗದವನ್ನೂ ಆಫೀಸಿಗೆ ಕೊಟ್ಟರು. ಸ್ಟೇರಿಂಗ್ ಇನ್ನೂ ಅವರ ಕೈಯಲ್ಲೇ ಇದೆ.

ನನ್ನ ಕೋಪ ಮಾತ್ರ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ. ಮೂವತ್ತೇಳು ಜನ ಉಳಿದರು ಎಂದು ಸಂತೋಷಪಡಲು ಹೋದರೆ ಮೂವತ್ತೆಂಟನೆಯವರ ಮುಖ ಎದುರಿಗೆ ಬಂದು ನಿಲ್ಲುತ್ತದೆ.

ಈಗ ನಿಮ್ಮನ್ನೇ ಕೇಳುತ್ತೇನೆ. ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮನ್ನೇ. ನಿಮಗೆ ಸಕ್ಕರೆ ಇದೆಯೆ? ಮನೆಯಲ್ಲಿ ಯಾರಿಗಾದರೂ ದಮ್ಮು, ಹೃದಯದ ತೊಂದರೆ, ಕಿಡ್ನಿ ಕಾಯಿಲೆ ಇದೆಯೆ? ಕಾಯಿಲೆ ಇದೆ, ಅದಕ್ಕೇ ಲಸಿಕೆ ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾಯಿಲೆ ಇದೆ, ಅದಕ್ಕೇ ಲಸಿಕೆ ಬೇಕು. ಚಳಿಗಾಲ ಬಂದು ಎಲ್ಲರೂ ಕೆಮ್ಮಲು ಶುರುಮಾಡುವವರೆಗೆ ಕಾಯಬೇಡಿ, ಲಸಿಕೆ ಮೈಗೆ ಹತ್ತಲು ಎರಡು ವಾರ ಬೇಕು. ಡಾಕ್ಟರು ಹೇಳಲಿಲ್ಲವೆಂದರೆ ನೀವೇ ಬಾಯಿಬಿಟ್ಟು ಕೇಳಿ. ಕೆಲಸದ ಜಾಗದಲ್ಲಿ ಹೆದರಿಕೆ ಇದ್ದರೆ ನಿಯಮ ಏನೆಂದು ವಿಚಾರಿಸಿ, ಯಾರೋ ಕಟ್ಟಿದ ಕಥೆಗೆ ಜೀವ ಕೊಡಬೇಡಿ. ಗಂಡನೋ ಮಗನೋ ಕಾಯಿಲೆ ಮುಚ್ಚಿಟ್ಟು ಬಂದು ನಗುತ್ತಾ ನಿಂತರೆ, ನನ್ನ ಹಾಗೆ "ಒಳ್ಳೇದಾಯ್ತು" ಅನ್ನಬೇಡಿ. ಬೈಯಿರಿ. ಜಗಳ ಮಾಡಿ. ತಟ್ಟೆ ಬಿಟ್ಟು ಎದ್ದರೆ ಏಳಲಿ, ಹಸಿವಾದಾಗ ಮತ್ತೆ ಬರುತ್ತಾರೆ.

ಚಿಲ್ಲರೆಯಣ್ಣ ಬರುವುದಿಲ್ಲ. ಆರೋಗ್ಯ ಕೇಂದ್ರ ಈಗ ತೆರೆದಿದ್ದರೆ ಈಗಲೇ ಏಳಿ. ಮುಚ್ಚಿದ್ದರೆ ನಾಳೆ ಬೆಳಿಗ್ಗೆ ಮೊದಲ ಸಾಲಿನಲ್ಲಿ ನಿಲ್ಲಿ, ಮತ್ತು ಅಲ್ಲಿ ಕೇಳಿದಾಗ ನಿಜ ಹೇಳಿ.